ಕ್ಲಾವಾಳ ಸಾಕ್ಷಿ

ಹೈಫಾದಲ್ಲಿ ಯಹೂದಿ ಧರ್ಮಗುರುಗಳಾದ ರಬ್ಬಿಗಳ ನ್ಯಾಯಾಲಯದಲ್ಲಿ ಗೇನ್ಯಾ ಅಜ್ಜಿ ಮೂರನೇ ಸಲ ಬಂದು ಕೂತಿದ್ದಳು. ಪಕ್ಕದಲ್ಲಿ ಮಗಳ ಮಗಳು ಯಾನಾ. ಮುಂದಿನ ತಿಂಗಳು ಹುಡುಗಿಯ ಮದುವೆ. ಅಜ್ಜಿ ಯಹೂದಿ ಅಂತ ರುಜುವಾತಾಗದಿದ್ದರೆ ಮದುವೆಯೇ ಇಲ್ಲ.

"ಈ ಕಾಗದದಲ್ಲಿ ಜನಾಂಗ ಬೆಲರೂಸಿ ಅಂತಿದೆಯಲ್ಲಮ್ಮಾ," ಎಂದರು ರಬ್ಬಿ. ಒರಟು ಮನುಷ್ಯರೇನಲ್ಲ, ಪಾಪ.

"ನಾನೇ ಬರೆಸಿದ್ದು ರಬ್ಬಿಗಳೇ. ಪಾಸ್‌ಪೋರ್ಟ್ ಆಫೀಸಿನ ಗುಮಾಸ್ತನಿಗೆ ನನ್ನ ಮದುವೆ ಗಡಿಯಾರ ಕೊಟ್ಟು."

ಬರೆಸದೆ ಇನ್ನೇನು ಮಾಡಬೇಕಿತ್ತು? ಆಗ ಬೆಲರೂಸಿನ ಗೋಮೆಲ್‌ನಲ್ಲಿ ಪಾಸ್‌ಪೋರ್ಟಿನ ಜನಾಂಗ ಬರೆಯುವ ಐದನೇ ಸಾಲಲ್ಲಿ ಯಹೂದಿ ಅಂತಿದ್ದರೆ ಮಗಳಿಗೆ ಮೆಡಿಕಲ್ ಸೀಟು ಕನಸಿನ ಮಾತು. ಗಂಡ ಜಪ್ಪಯ್ಯ ಅಂದರೂ ತನ್ನದನ್ನು ಬದಲಿಸಲಿಲ್ಲ. ತಾಯಿಯದಾದರೂ ಬದಲಾದರೆ ಮಗಳು ಅದನ್ನೇ ಬರೆಸಿಕೊಳ್ಳಬಹುದಲ್ಲ! ಮಗಳು ಡಾಕ್ಟರೂ ಆದಳು. ಯಹೂದಿಗಳ ಈ ದೇಶದೊಳಗೆ ಬರಲು ಗಂಡನ ಕಾಗದವೇ ಸಾಕಾಯಿತು. ಮದುವೆಗೆ ಮಾತ್ರ ತಾಯಿಯ, ತಾಯಿಯ ತಾಯಿಯ ಕಡೆಯದೇ ಬೇಕಂತೆ; ಯಹೂದಿತನ ಬರುವುದು ತಾಯಿಯಿಂದಲೇ ಅಂತೆ. ಗೇನ್ಯಾಳ ತಾಯಿಯ ಕಾಗದಗಳೆಲ್ಲ ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದವು.

"ನಿಮ್ಮನ್ನ ಯಹೂದಿ ಅಂತ ಬಲ್ಲವರು ಯಾರೂ ಬದುಕಿಲ್ವೇ?"

ಇದ್ದಳು ಒಬ್ಬಳು. ಕ್ಲಾವಾ. ನಾಲ್ಕು ಸಂಸಾರಕ್ಕೊಂದೇ ಅಡುಗೆಮನೆ ಇದ್ದ ಗೋಮೆಲ್ಲಿನ ಮನೆಯಲ್ಲಿ ಇಪ್ಪತ್ತು ವರ್ಷ ಗೇನ್ಯಾಳ ಜೀವ ಹಿಂಡಿದವಳು. "ಯಹೂದಿ ಮುಂಡೆ" ಅನ್ನದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಗೇನ್ಯಾಳ ಸೂಪಿಗೆ ಸೋಪಿನ ಪುಡಿ ಸುರಿದವಳೂ ಅವಳೇ.

"ಅಜ್ಜೀ, ಹೋಗಿ ಹೋಗಿ ಅವಳ ಹತ್ರ ಬೇಡ್ಕೋತೀಯಾ?" ಎಂದಳು ಯಾನಾ.

"ನಿನ್ನ ಮದುವೆಗೆ ದೆವ್ವದ ಕಾಲೂ ಹಿಡೀತೀನಿ ಕಣೇ, ಸುಮ್ನಿರು."

ಫೋನಿನಲ್ಲೇ ಸಾಕ್ಷಿ ಕೇಳಲು ರಬ್ಬಿ ಒಪ್ಪಿದರು. ಯಾನಾ ಕ್ಲಾವಾಗೆ ಕರೆ ಮಾಡಿ ಮೊಬೈಲಿನ ಸ್ಪೀಕರ್ ಹಾಕಿದಳು. ರಷ್ಯನ್ ಬಲ್ಲ ಗುಮಾಸ್ತನೊಬ್ಬ ಬರೆದುಕೊಳ್ಳಲು ಕೂತ.

"ಕ್ಲಾವಾ, ನಾನು ಗೇನ್ಯಾ. ನ್ಯಾಯಾಲಯದಿಂದ ಮಾತಾಡ್ತಿದೀನಿ. ನೀನು ನನ್ನನ್ನ ಏನಂತ ಬೈತಿದ್ದೆ, ಇವರಿಗೆ ಹೇಳು."

ಕ್ಲಾವಾ ಗಾಬರಿಬಿದ್ದಳು. "ಅಯ್ಯೋ ದೇವರೇ, ನ್ಯಾಯಾಲಯವಾ? ನಿನ್ನನ್ನ ನಾನ್ಯಾಕೆ ಬೈಲಿ?"

"ಹೆದರಬೇಡ, ಕೇಸೇನೂ ಇಲ್ಲ. ಯಹೂದಿ ಅಂತಿದ್ದೆಯಲ್ಲೇ, ದಿನಾ ಅಂತಿದ್ದೆ! ಒಂದೇ ಒಂದ್ಸಲ ಅಂದುಬಿಡೇ, ನಿನ್ನ ದಮ್ಮಯ್ಯ!"

"ಛೆ ಛೆ! ಅಂಥ ಮಾತು ನನ್ನ ಬಾಯಲ್ಲಿ ಬರುತ್ತಾ? ಸ್ವಾಮಿ, ಕೇಳಿಸ್ಕೊಳ್ಳಿ, ಗೇನ್ಯಾ ಯಹೂದಿ ಅಲ್ವೇ ಅಲ್ಲ. ಅಪ್ಪಟ ನಮ್ಮವಳು, ನನ್ನ ಒಡಹುಟ್ಟಿದ ತಂಗಿ ಇದ್ದ ಹಾಗೆ. ಶಿಲುಬೆ ಮುಟ್ಟಿ ಹೇಳ್ತೀನಿ!" ಮುದುಕಿ ನಿಜವಾಗಿ ಅಳುತ್ತಿದ್ದಳು.

ಗುಮಾಸ್ತ ಒಂದಕ್ಷರ ಬಿಡದೆ ಬರೆದ.

"ಸುಳ್ಳು! ಅದನ್ನ ಬರೀಬೇಡಪ್ಪಾ!" ಗೇನ್ಯಾ ಅವನ ಕೈ ಹಿಡಿದುಕೊಂಡಳು.

ರಬ್ಬಿ ಅವಳ ಮುಖ ನೋಡಲಾರದೆ ಕಾಗದ ಎಳೆದುಕೊಂಡು, ಯಹೂದಿ ಅಂತ ರುಜುವಾತಾಗಿಲ್ಲ ಎಂದು ಬರೆದು ಸಹಿ ಹಾಕಿದರು.

"ಸಾಕ್ಷೀನ ನೀವೇ ಕರೆದಿರಲ್ಲಮ್ಮಾ," ಎಂದರು.