ಗುಡುಗಜ್ಜಿಯ ಗಾಡಿ

ಮೇಷ್ಟ್ರಿಗೂ ಅವರ ಬಾಮೈದನಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಇಡೀ ಬಿಲ್ಡಿಂಗಿಗೇ ಗೊತ್ತಿತ್ತು. ಹಾಗಿದ್ದೂ ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ಒಂದೇ ಊಟದ ಮೇಜಿಗೆ ಎದುರುಬದುರು ಕೂರುತ್ತಿದ್ದರು. ಕಾರಣ ಒಂದು ಆಟ. ಅದನ್ನು ನಡೆಸುತ್ತಿದ್ದವರು ಮೇಷ್ಟ್ರ ಹೆಂಡತಿ, ಅಂದರೆ ಬಾಮೈದನ ಅಕ್ಕ. ಆಟದ ಕಥೆ ನಡೆಯುವುದು ಮುಂದೆಂದೋ ಬರುವ ಕಾಲದಲ್ಲಿ. ಗಾಳಿ ತೆಳ್ಳಗಿರುವ, ಮೂಳೆ ಕೊರೆಯುವ ಚಳಿಯ ಒಂದು ಗ್ರಹ. ಆಡುವವರು ಒಂದೊಂದು ಪಾತ್ರ ಹಿಡಿದು ಅದರ ಬಾಯಲ್ಲೇ ಮಾತಾಡಬೇಕು. ಎಡವಟ್ಟಾದರೆ ಬದುಕೋ ಸಾವೋ ಅನ್ನುವುದನ್ನು ದಾಳ ಹೇಳುತ್ತದೆ. ಸತ್ತ ಪಾತ್ರದ ದನಿಯನ್ನು ಆ ಮೇಜಿನಲ್ಲಿ ಮತ್ತೆ ಯಾರೂ ಎತ್ತುವಂತಿಲ್ಲ.

ಮೇಷ್ಟ್ರ ಪಾತ್ರ ಗುಡುಗಜ್ಜಿ. ಲಾರಿ ಓಡಿಸುವ ಮುದುಕಿ, ಬಾಯಿ ಬಿಟ್ಟರೆ ಬೈಗುಳ. "ಏಳ್ರೋ ಸೋಮಾರಿಗಳಾ, ಗಾಡಿ ಏನು ನಿಮ್ಮಪ್ಪ ಬಂದು ತಳ್ತಾನಾ?" ಇದು ತೀರಿಹೋದ ಅವರ ಅಮ್ಮನ ದನಿ, ಅಮ್ಮನದೇ ಬೈಗುಳ. ಬೇರೆಲ್ಲೂ ಅಮ್ಮನ ಸುದ್ದಿ ಎತ್ತದ ಮನುಷ್ಯ, ಭಾನುವಾರ ಆ ಕುರ್ಚಿಯಲ್ಲಿ ಕೂತರೆ ಸಾಕು, ಗಂಟಲೊಳಗಿಂದ ಅಮ್ಮ ಎದ್ದು ಬರುತ್ತಿದ್ದಳು. ಹೆಂಡತಿಗೆ ಅದು ಗೊತ್ತಿತ್ತು, ಬಾಮೈದನಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಜಗಳ ಇದ್ದದ್ದು ಗಾಡಿಗಳ ಮೇಲೆ. ಆಟದ ಗಾಡಿಗಳೆಲ್ಲ ಕರೆಂಟಿನ ಗಾಡಿಗಳು, ಕರೆಂಟು ಬರುವುದು ಫ್ಯೂಷನ್ ಒಲೆಯಿಂದ, ಸೂರ್ಯನ ಹೊಟ್ಟೆಯೊಳಗೆ ಉರಿಯುವಂಥದ್ದೇ ಉರಿ. ಬಾಮೈದ ತನ್ನ ಪಾತ್ರ ಪಟಾಕಿಗೆ ಒಂದು ಬೈಕು ಮಾಡಿ, ಆ ಒಲೆಯನ್ನು ಅದರ ಸೀಟಿನ ಕೆಳಗೆ ಇಟ್ಟುಕೊಂಡು ಬಂದಿದ್ದ. ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ಬಿಡುತ್ತಾರೆಯೇ?

"ಅಯ್ಯಾ ಪಟಾಕಿ, ಒಲೆಗೂ ಸವಾರನಿಗೂ ಮಧ್ಯೆ ಆಳುದ್ದದ ಗೋಡೆ ಬೇಡ್ವಾ? ಆ ಶಾಖ ಎಲ್ಲಿಗೆ ಹೋಗ್ಬೇಕು? ನಿನ್ನ ತಲೆಗಾ? ಅಲ್ಲಿ ಜಾಗ ಖಾಲಿ ಇದೆ ಬಿಡು."

ಮೇಷ್ಟ್ರು ಅವತ್ತೇ ಎರಡು ಕಾನೂನು ಮಾಡಿದರು. ಗಾಡಿ ರೂಪಿಸಿದವನೇ ತನ್ನ ಪಾತ್ರವನ್ನು ಅದರಲ್ಲಿ ಕೂರಿಸಿ ಮೊದಲು ಓಡಿಸಬೇಕು. ಒಬ್ಬರ ಪ್ರಯಾಣಕ್ಕೆ ಇನ್ನೊಬ್ಬರು ಕರೆಯದೆ ಬಾಯಿ ಹಾಕಬಾರದು. ಎರಡೂ ಬಾಮೈದನಿಗಾಗಿಯೇ ಹೆಣೆದ ಬಲೆ. ಅವನ ಸವಾರ ಮೊದಲ ತಿರುವಿನಲ್ಲೇ ಬೆಂದುಹೋದ. ಮೇಷ್ಟ್ರು ಮೇಜು ಕುಟ್ಟಿ ನಕ್ಕರು. "ಮಾಡಿದ್ದುಣ್ಣೋ ಮಹರಾಯ!" ಬಾಮೈದ ಊಟ ಮಾಡದೆ ಎದ್ದುಹೋದ. ಹೆಂಡತಿ ಗಂಡನ ತಟ್ಟೆಯನ್ನು ಕುಕ್ಕಿ ಇಟ್ಟಳು.

ಇಷ್ಟಾದ ಮೇಲೆ ಮೇಷ್ಟ್ರು ತಮ್ಮ ಗಾಡಿ ತಂದರು. ಅಬ್ಬಬ್ಬಾ, ಏನು ಗಾಡಿ! ಮನೆಯಷ್ಟು ದೊಡ್ಡ ಲಾರಿ. ಹಿಂದೆ ಒಲೆ, ನಡುವೆ ನೀರು ತುಂಬಿದ ಗೋಡೆ, ಚಕ್ರಕ್ಕೊಂದೊಂದು ಮೋಟರು, ಶಾಖ ಹೊರಗೆ ಚೆಲ್ಲಲು ಎರಡೂ ಬದಿಗೆ ಬಿಚ್ಚಿಕೊಳ್ಳುವ ಅಗಲವಾದ ರೆಕ್ಕೆಗಳು. ರೆಕ್ಕೆ ಮಡಚಿದರೆ ಒಲೆ ಆರಿಸಬೇಕು. ಆಗ ಬ್ಯಾಟರಿಯ ಮೇಲೆ ಓಟ. ಬಾಮೈದ ಅದನ್ನು ಮೂಲೆಮೂಲೆ ಬಿಡದೆ ನೋಡಿಕೊಂಡ. ಮುಂದಿನ ಭಾನುವಾರ ಅವನೂ ಹೊಸ ಪಾತ್ರ, ಹೊಸ ಗಾಡಿ ತಂದ. ಭಾವನ ಲಾರಿಯದೇ ನಕಲು, ಸ್ವಲ್ಪ ಚಿಕ್ಕದು.

"ಭಾವ, ನಾನೂ ಹಿಂದೆ ಬರ್ತೀನಿ. ಜೊತೆಗಿರಲಿ."

"ನನಗೆ ಬಾಲ ಬೇಡ. ಕಾಪಿ ಹೊಡೆದೋರನ್ನ ನಾನು ಪರೀಕ್ಷೆಯಿಂದಲೇ ಎಬ್ಬಿಸಿ ಕಳಿಸೋನು."

ಗುಡುಗಜ್ಜಿ ಒಬ್ಬಳೇ ಹೊರಟಳು. ದಾರಿಯಲ್ಲಿ ಬೆಟ್ಟ, ಬೆಟ್ಟದೊಳಗೆ ಸುರಂಗ. ಅಗಲ ಸಾಲದು. ಮೇಷ್ಟ್ರು ರೆಕ್ಕೆ ಮಡಚಿ, ಒಲೆ ಆರಿಸಿ, ಬ್ಯಾಟರಿಯ ಮೇಲೆ ಒಳಗೆ ನುಗ್ಗಿದರು. ಮಧ್ಯದಲ್ಲಿ ಕಲ್ಲು ಕುಸಿದಿತ್ತು. ಅಜ್ಜಿ ಬೈಯುತ್ತ, ಲಾರಿಯಿಂದಲೇ ಕಲ್ಲು ತಳ್ಳುತ್ತ, ತೆವಳುತ್ತ ಸಾಗಿದಳು. ಬಾಮೈದನ ಸರದಿ ಬಂದಾಗಲೆಲ್ಲ ಅವನು ಹೇಳಿದ್ದು ಒಂದೇ ಮಾತು: "ಕಾಯ್ತೀನಿ."

ಕಾಯ್ತಾನಂತೆ, ತಮಾಷೆ ನೋಡೋಕೆ, ಅಂತ ಮೇಷ್ಟ್ರು ಹಲ್ಲು ಕಡಿದರು.

ಸುರಂಗ ದಾಟಿತು. ರೆಕ್ಕೆ ಬಿಚ್ಚಿಕೊಂಡಿತು. "ಒಲೆ ಹಚ್ಚಿದೆ," ಅಂದರು ಮೇಷ್ಟ್ರು.

"ಯಾವುದರಿಂದ ಹಚ್ತೀರಿ?" ಕೇಳಿದಳು ಹೆಂಡತಿ.

"ಯಾವುದರಿಂದ ಅಂದ್ರೆ?"

"ಅಲ್ಲ ರೀ, ಫ್ಯೂಷನ್ ಒಲೆ ಹಚ್ಚೋಕೆ ಮೊದಲು ಕೋಟಿಗಟ್ಟಲೆ ಡಿಗ್ರಿ ಕಾಯಿಸ್ಬೇಕು ಅಂತ ನೀವೇ ಪಾಠ ಮಾಡಿದ್ದು. ಅದಕ್ಕೆ ಕರೆಂಟು ಬೇಕಲ್ಲ. ಬ್ಯಾಟರಿ ಸುರಂಗದಲ್ಲೇ ಮುಗೀತು."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಓಡುವ ಲೆಕ್ಕ ಇತ್ತು, ಶಾಖದ ಲೆಕ್ಕ ಇತ್ತು, ಗೋಡೆಯ ತೂಕದ ಲೆಕ್ಕವೂ ಇತ್ತು. ಆರಿದ ಒಲೆಯನ್ನು ಮತ್ತೆ ಹಚ್ಚುವ ಲೆಕ್ಕ ಮಾತ್ರ ತಲೆಗೆ ಹೊಳೆದಿರಲಿಲ್ಲ. ಹಳೇ ಕಾರಿನ ಬ್ಯಾಟರಿ ಸತ್ತಾಗ ಪಕ್ಕದವನ ಕಾರಿಂದ ತಂತಿ ಎಳೆದು ಸ್ಟಾರ್ಟ್ ಮಾಡುವುದು ಮಕ್ಕಳಿಗೂ ಗೊತ್ತು. ಪಕ್ಕದಲ್ಲಿ ಕಾರು ಇರಬೇಕು, ಅಷ್ಟೆ.

ಹೊರಗೆ ಬಿರುಗಾಳಿ ಎದ್ದಿತು. ಕ್ಯಾಬಿನ್ ತಣ್ಣಗಾಗತೊಡಗಿತು.

"ರೇಡಿಯೋ ಇದೆ. ಕರೀತೀರಾ?" ಹೆಂಡತಿ ಮೆತ್ತಗೆ ಕೇಳಿದಳು.

ಮೇಷ್ಟ್ರು ಎದುರಿಗೆ ನೋಡಿದರು. ಬಾಮೈದ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಆ ಮುಖವನ್ನು ನೋಡಿಯೇ ಮೇಷ್ಟ್ರಿಗೆ ಉರಿ ಹತ್ತಿತು. ಇವನ ಹತ್ತಿರ ಕೈ ಚಾಚಬೇಕೇ? ನಕ್ಕದ್ದಕ್ಕೆ ಬಡ್ಡಿ ಸಮೇತ ನಗುತ್ತಾನೆ.

"ಬೇಡ. ದಾಳ ಹಾಕು."

"ರೀ, ಇನ್ನೊಂದ್ಸಲ ಯೋಚನೆ ಮಾಡಿ. ಅಜ್ಜಿ ಕಣ್ರೀ."

"ಹಾಕು ಅಂದೆನಲ್ಲ!"

ಬಾಮೈದ ಬಾಯಿ ತೆರೆದ. "ಕರೆಯದೆ ಬಾಯಿ ಹಾಕ್ಬಾರ್ದು," ಅಂತ ಮೇಷ್ಟ್ರು ಗದರಿದರು. ದಾಳ ಉರುಳಿತು, ನೀರಿನ ಲೋಟಕ್ಕೆ ತಗುಲಿ ನಿಂತಿತು. ಅಜ್ಜಿ ಬದುಕಲಿಲ್ಲ. ಹೆಂಡತಿ ಗುಡುಗಜ್ಜಿಯ ಹೆಸರು ಬರೆದ ಚೀಟಿಯನ್ನು ಪದ್ಧತಿಯಂತೆ ಎರಡಾಗಿ ಹರಿದು ಮೇಜಿನ ನಡುವೆ ಇಟ್ಟಳು.

ಬಾಮೈದ ಕುರ್ಚಿ ತಳ್ಳಿ ಎದ್ದು ನಿಂತ. "ಥೂ, ನಿಮ್ಮ ಜಂಭಕ್ಕಿಷ್ಟು! ಒಂದು ಮಾತು ಕೇಳ್ಬಾರ್ದಿತ್ತಾ ಭಾವ? ನಾನು ಯಾಕೆ ಕಾಯ್ತೀನಿ ಕಾಯ್ತೀನಿ ಅಂತಿದ್ದೆ ಅಂದ್ಕೊಂಡ್ರಿ? ಸುರಂಗದ ಈಚೆ ಬಾಯಲ್ಲಿ ಒಲೆ ಆರಿಸದೆ, ಬ್ಯಾಟರಿ ತುಂಬಿಸ್ಕೊಂಡು ಕೂತಿದ್ದೆ. ಕರೆದಿದ್ರೆ, ಅಜ್ಜಿ ಕಲ್ಲು ತಳ್ಳಿದ ದಾರೀಲೇ ಬಂದು ತಂತಿ ಕೊಡ್ತಿದ್ದೆ. ಅಕ್ಕನಿಗೆ ಮೊದಲೇ ಹೇಳಿದ್ದೆ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು.

"ನೀವು ಬೈದ್ರೆ ನನಗೆ ಮೈ ಉರಿಯುತ್ತೆ," ಅಂದ ಬಾಮೈದ. "ಅಜ್ಜಿ ಬೈದ್ರೆ ಹಾಗಾಗ್ತಿರ್ಲಿಲ್ಲ. ಪ್ರತಿ ಭಾನುವಾರ ನಾನಿಲ್ಲಿಗೆ ಬರ್ತಿದ್ದದ್ದು ನಿಮ್ಮ ಮುಖ ನೋಡೋಕಲ್ಲ, ಆ ಮುದುಕಿ ಕೈಲಿ ಬೈಸ್ಕೊಳ್ಳೋಕೆ."

ಅವನು ಚಪ್ಪಲಿ ಮೆಟ್ಟತೊಡಗಿದ. ಮೇಷ್ಟ್ರಿಗೆ ಅವನನ್ನು ತಡೆಯಬೇಕು ಅನ್ನಿಸಿತು. ಏನು ಹೇಳಿ ತಡೆಯುವುದು? ತಮ್ಮ ಸ್ವಂತ ಬಾಯಲ್ಲಿ ಅವನಿಗೊಂದು ಒಳ್ಳೆ ಮಾತು ಆಡಿ ಅಭ್ಯಾಸವೇ ಇರಲಿಲ್ಲ. ಗಂಟಲೊಳಗಿಂದ ತಾನಾಗಿಯೇ ಆ ಹಳೆಯ ದನಿ ಎದ್ದು ಬಂತು.

"ಏಳ್ರೋ ಸೋಮಾ..."

ಹೆಂಡತಿ ಅವರ ಕೈಯ ಮೇಲೆ ಕೈ ಇಟ್ಟಳು. "ರೀ, ಬೇಡ. ಸತ್ತೋರ ದನಿ ಎತ್ತೋ ಹಾಗಿಲ್ಲ."

ಮೇಷ್ಟ್ರು ಬಾಯಿ ಮುಚ್ಚಿದರು. ಬಾಗಿಲ ಹತ್ತಿರ ಬಾಮೈದ ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅವರು ಬೇರೆ ಏನಾದರೂ ಹೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋದ.