ವಾಕಿಂಗಿಗೆ ಬಂದ ಕಾರು

ನಮ್ಮ ಹುಣಸೆಕಟ್ಟೆ ಕೆರೆಗೆ ಒಂದು ದಿನ ಬೆಳಿಗ್ಗೆ ಆರೂವರೆಗೆ ಬನ್ನಿ. ಮನುಷ್ಯರಿಗಿಂತ ಮೊದಲು ಕಾರುಗಳು ವಾಕಿಂಗಿಗೆ ಬಂದಿರುತ್ತವೆ. ಕೆಂಪು ಬಣ್ಣ ಬಳಿದ ಸೈಕಲ್ ದಾರಿಯ ಮೇಲೆ ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ಅವುಗಳ ಯಜಮಾನರು ಶೂ ಬಿಗಿದುಕೊಂಡು, ಕೆರೆಗೆ ಎರಡು ಸುತ್ತು ಹಾಕಿ, ಗೇಟಿನ ಹತ್ತಿರ ಹಾಗಲಕಾಯಿ ಜ್ಯೂಸ್ ಕುಡಿದು, ಮತ್ತೆ ಕಾರು ಹತ್ತುತ್ತಾರೆ. ಮನೆ ಎಲ್ಲಿ ಸಾರ್ ಎಂದು ಕೇಳಿ ನೋಡಿ. “ಇಲ್ಲೇ, ಮೂರನೇ ಕ್ರಾಸು” ಎನ್ನುತ್ತಾರೆ.

ಇದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ನಾನು ಸೌಮ್ಯ, ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸ್. ಹೆಸರು ಮಾತ್ರ ಸೌಮ್ಯ ಎಂದು ನನ್ನ ಗಂಡ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಪ್ರತಿ ಶನಿವಾರ ಕೆರೆಯ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಜನರ ಶುಗರ್, ಬಿಪಿ ನೋಡುವುದು ನನ್ನ ಕೆಲಸ. ಹಾಗಾಗಿ ಯಾರ ಕಾರು ಯಾವುದು, ಯಾರ ಶುಗರ್ ಎಷ್ಟು, ಎರಡೂ ನನಗೆ ಗೊತ್ತು.

ಈ ದಾರಿ ಉತ್ತರಹಳ್ಳಿ ಕಡೆಯಿಂದ ರಾಜಕಾಲುವೆಯ ಪಕ್ಕದಲ್ಲೇ ಬರುತ್ತದೆ. ಕೆರೆ ಏರಿಯ ಮೇಲೆ ಹಾದು, ಗೇಟು ದಾಟಿದ ಮೇಲೆ ಮುಖ್ಯರಸ್ತೆಯ ಅಂಚಿನಲ್ಲಿ ಸ್ವಲ್ಪ ದೂರ ಹೋಗಿ ನಮ್ಮ ಬಡಾವಣೆ ಸೇರುತ್ತದೆ. ಅರ್ಧ ನಡೆಯುವವರಿಗೆ, ಅರ್ಧ ಸೈಕಲ್ಲಿನವರಿಗೆ. ಪೇಪರ್ ಹಾಕುವವರು, ಹೂವು ಕೊಡುವವರು, ಮನೆಕೆಲಸಕ್ಕೆ ಬರುವ ಹೆಂಗಸರು, ಎಲ್ಲರಿಗೂ ಇದೇ ದಾರಿ. ಗೇಟಿನ ಮುಂದಿನ ಆ ಸ್ವಲ್ಪ ದೂರವನ್ನೇ ಕಾರುಗಳು ನುಂಗಿಬಿಟ್ಟಿದ್ದವು.

ದಾನಮ್ಮ ದಿನಾ ಈ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಬರುವವಳು. ಬಾಗಲಕೋಟೆ ಕಡೆಯವಳು, ಉತ್ತರಹಳ್ಳಿಯಲ್ಲಿ ಬಾಡಿಗೆ ಮನೆ. ಗಂಡ ಹೊಳೆಪ್ಪ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ದಾನಮ್ಮ ನಮ್ಮ ಬಡಾವಣೆಯ ಮೂರು ಮನೆಗಳಲ್ಲಿ ಜೋಳದ ರೊಟ್ಟಿ, ಪಲ್ಯ ಮಾಡಿಕೊಡುತ್ತಾಳೆ. ಅವಳು ರೊಟ್ಟಿ ಬಡಿಯುವ ಸದ್ದಿಗೇ ಪಕ್ಕದ ಮನೆಯವರಿಗೂ ಹಸಿವಾಗುತ್ತದೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಕಲಿತದ್ದು ಈಗ ಅನ್ನ ಕೊಡುತ್ತಿದೆ ಎಂದು ನಗುತ್ತಾಳೆ. ಏಳೂವರೆಗೆ ಸರಿಯಾಗಿ ಮೊದಲನೇ ಮನೆಯಲ್ಲಿ ಹಂಚು ಒಲೆಯ ಮೇಲಿರುತ್ತಿತ್ತು.

ಆ ಮೊದಲನೇ ಮನೆ ರೇವಣಸಿದ್ದಪ್ಪನವರದು. ಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರು, ಈಗ ಮಗಳಿಗೆ ವಹಿಸಿ ಆರಾಮಾಗಿದ್ದಾರೆ. ಹತ್ತು ವರ್ಷದಿಂದ ಶುಗರ್. ಬೆಳಿಗ್ಗೆ ವಾಕಿಂಗ್ ಮುಗಿಸಿ ಮಾತ್ರೆ ನುಂಗಿದ ಕೂಡಲೇ ರೊಟ್ಟಿ ತಟ್ಟೆಯಲ್ಲಿರಬೇಕು. ಒಳ್ಳೆಯವರೇ, ಹಬ್ಬಕ್ಕೆ ದಾನಮ್ಮನ ಮಕ್ಕಳಿಗೆ ಬಟ್ಟೆ ಕೊಡಿಸುತ್ತಾರೆ. ಆದರೆ ಕೆರೆಯ ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದ ಬಿಳಿ ಕಾರು ಅವರದೇ.

ಹೋದ ತಿಂಗಳು ಒಂದು ಸೋಮವಾರ ಕಾರುಗಳ ಸಾಲು ಗೇಟಿನವರೆಗೂ ಬೆಳೆದಿತ್ತು. ಸೈಕಲ್ ನುಸುಳಲೂ ಜಾಗ ಇರಲಿಲ್ಲ. ದಾನಮ್ಮ ಬೇರೆ ದಾರಿ ಕಾಣದೆ ಮುಖ್ಯರಸ್ತೆಗೆ ಇಳಿದಳು. ಹಿಂದಿನಿಂದ ನೀರಿನ ಟ್ಯಾಂಕರ್ ಕಿವಿ ಹರಿಯುವ ಹಾಗೆ ಹಾರನ್ ಹೊಡೆಯಿತು. ಗಾಬರಿಯಲ್ಲಿ ಹ್ಯಾಂಡಲ್ ತಿರುಗಿ ಜಲ್ಲಿ ರಾಶಿಯ ಮೇಲೆ ಬಿದ್ದಳು. ಟ್ಯಾಂಕರಿನ ಚಕ್ರ ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿ ಹೋಯಿತಂತೆ. ಮೊಣಕೈ, ಮೊಣಕಾಲು ತರಚಿಹೋಗಿ ರಕ್ತ ಸೋರಿಸಿಕೊಂಡು ನನ್ನ ಹತ್ತಿರ ಬಂದಳು.

ಗಾಯ ತೊಳೆಯುತ್ತಾ ಕೇಳಿದೆ, “ಯಾರ ಕಾರು ಅಡ್ಡ ಇತ್ತು?”

“ಬಿಳೇದ್ರಿ ಅಕ್ಕಾ. ನಮ್ಮ ಸಾಹುಕಾರ್ರದ.”

“ಅವ್ರಿಗೆ ಹೇಳಿದ್ಯಾ?”

“ಹೆಂಗ ಹೇಳ್ಲಿ ಅಕ್ಕಾ? ಅವರ ಮನ್ಯಾಗ ರೊಟ್ಟಿ ಬಡಿಯಾಕಿ ನಾನು. ಅವರ ಕಾರಿಗೆ ಹೆಸರಿಡಾಕ ಆಗತೈತೇನು?”

ಅಷ್ಟರಲ್ಲಿ ಹೊಳೆಪ್ಪ ಓಡಿಬಂದ. ಹೆಂಡತಿಯ ಕಾಲು ನೋಡಿ ಅವನ ಮುಖ ಬಿಳಿಚಿಕೊಂಡಿತು. ಹೆದರಿಕೆ ಗಂಡಸರ ಬಾಯಲ್ಲಿ ಸಿಟ್ಟಾಗಿಯೇ ಹೊರಗೆ ಬರುತ್ತದೆ ನೋಡಿ.

“ಸಾಕು. ಇವತ್ತಿಗೆ ಸೈಕಲ್ ಮುಗೀತು. ಬಸ್ಸಿನ್ಯಾಗ ಹೆಂಗಸರಿಗೆ ಫ್ರೀ ಐತಿ, ಅದರಾಗ ಹೋಗು. ನೀ ಕೈಕಾಲು ಮುರಕೊಂಡು ಕುಂತ್ರ ಮಕ್ಕಳನ್ನ ಯಾರು ನೋಡ್ತಾರು?” ಎಂದವನೇ ಸೈಕಲ್ಲಿನ ಬೀಗದ ಕೀ ಜೇಬಿಗೆ ಹಾಕಿಕೊಂಡ.

ಬಸ್ಸು ಫ್ರೀ ಇದೆ, ಸುಳ್ಳಲ್ಲ. ಆದರೆ ದಾನಮ್ಮನ ಮನೆಯಿಂದ ನಮ್ಮ ಬಡಾವಣೆಗೆ ಎರಡು ಬಸ್ಸು ಬದಲಿಸಬೇಕು. ಬೆಳಗಿನ ಟ್ರಾಫಿಕ್ಕಿನಲ್ಲಿ ಎರಡನೆಯದು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಎಂಟೂವರೆಗೆ ಒಲೆ ಹಚ್ಚುವಂತಾಯಿತು. ರೇವಣಸಿದ್ದಪ್ಪನವರು ಒಂದು ವಾರ ತಡೆದುಕೊಂಡರು. ಆಮೇಲೆ ಹೇಳಿಯೇಬಿಟ್ಟರು: “ನೋಡು ದಾನಮ್ಮ, ಮಾತ್ರೆ ನುಂಗಿ ಒಂದ್ ಗಂಟೆ ಬಾಯಿ ಬಿಟ್ಕೊಂಡು ಕೂತ್ಕೊಳಕ್ಕಾಗಲ್ಲ. ಒಂದನೇ ತಾರೀಖಿನಿಂದ ಬೇರೆಯವರನ್ನ ನೋಡ್ಕೋತೀವಿ.” ಮೊದಲನೇ ಮನೆಗೆ ತಡವಾದರೆ ಮಿಕ್ಕ ಎರಡು ಮನೆಗೂ ತಡ. ಅವರೂ ಮುಖ ಗಂಟಿಕ್ಕಲು ಶುರುಮಾಡಿದ್ದರು. ಮೂರು ಮನೆಯೂ ಹೋದರೆ ಹೊಳೆಪ್ಪನ ಒಂದು ಸಂಬಳದಲ್ಲಿ ಬೆಂಗಳೂರಿನಲ್ಲಿ ಇರುವುದು ಕಷ್ಟ, ಊರಿಗೆ ಗಂಟು ಕಟ್ಟಬೇಕಾಗುತ್ತದೆ.

ಸುದ್ದಿ ತಿಳಿದು ಭಾನುವಾರ ಅವರ ಮನೆಗೆ ಹೋದೆ. ಕೂರುವ ಮೊದಲೇ ಹೊಳೆಪ್ಪನನ್ನು ತರಾಟೆಗೆ ತೆಗೆದುಕೊಂಡೆ.

“ಆ ದಾರಿ ಯಾರಿಗೆ ಅಂತ ಮಾಡಿದ್ದು ಹೊಳೆಪ್ಪ? ಸೈಕಲ್ಲಿನ ಚಿತ್ರ ಬರೆದಿದಾರಲ್ಲ, ನೋಡಿಲ್ವಾ?”

“ನೋಡೀನ್ರಿ ಅಕ್ಕಾರ. ಚಿತ್ರದ ಮ್ಯಾಲೆ ಕಾರು ನಿಂತಾವಲ್ರಿ. ಕಾರಿನವರ ಜೋಡಿ ನಾವು ಜಗಳಾ ಮಾಡಾಕ ಆಗತೈತೇನು? ನಾ ದಿನಾ ಅವರಿಗೆ ಗೇಟ್ ತಗದು ಸಲಾಮ್ ಹೊಡಿಯಾಂವ.”

“ಗೇಟ್ ತೆಗೆಯೋದು ನಿಮ್ಮ ಕೆಲ್ಸ, ಅದಕ್ಕೆ ಸಂಬಳ ಬರುತ್ತೆ. ದಾರಿ ಬಿಟ್ಕೊಡೋದಕ್ಕೆ ಯಾರು ಸಂಬಳ ಕೊಡ್ತಿದಾರೆ? ಫುಟ್‌ಪಾತ್ ಮೇಲೆ, ಸೈಕಲ್ ದಾರಿ ಮೇಲೆ ಗಾಡಿ ನಿಲ್ಸೋದು ತಪ್ಪು, ಅದಕ್ಕೆ ದಂಡ ಇದೆ. ನಂಬರ್ ಪ್ಲೇಟ್ ಕಾಣೋ ಹಾಗೆ ಫೋಟೋ ತೆಗ್ದು, ಜಾಗ, ಟೈಮ್ ಬರ್ದು ಟ್ರಾಫಿಕ್ ಪೊಲೀಸ್‌ಗೆ ಕಳಿಸ್ಬಹುದು. ಎಲ್ಲಾ ಸೇರಿ ಸಹಿ ಹಾಕಿ ವಾರ್ಡ್ ಆಫೀಸಿಗೆ ಅರ್ಜಿ ಕೊಡೋಣ. ಕೊಟ್ಟ ಅರ್ಜಿಗೆ ಸೀಲ್ ಹಾಕಿಸ್ಕೊಂಡು ಬರೋದು ಮರೀಬಾರ್ದು, ಅಷ್ಟೆ.”

“ಅರ್ಜಿ ಕೊಟ್ರ ಕಾರು ಹೋಗ್ತಾವೇನ್ರಿ?”

“ನಾಳೆನೇ ಹೋಗಲ್ಲ. ಆದ್ರೆ ಇವಳು ಹೆದ್ರಿ ಬಸ್ಸು ಹತ್ತಿದ್ಳು. ನಾಳೆ ಪೇಪರ್ ಹಾಕೋರು ಹೆದ್ರಿ ಬೇರೆ ದಾರಿ ಹಿಡೀತಾರೆ. ಆಮೇಲೆ ‘ಇಲ್ಲಿ ಸೈಕಲ್ಲೇ ಬರಲ್ಲ, ಇದು ಪಾರ್ಕಿಂಗ್’ ಅಂತ ಬೋರ್ಡ್ ಹಾಕ್ತಾರೆ. ಆಗ ಏನ್ ಮಾಡ್ತೀರಾ?”

ದಾನಮ್ಮ ಚಹಾ ಸೋಸಿದಳು. ಲೋಟ ನನ್ನ ಕೈಗೆ ಕೊಟ್ಟು ಗಂಡನ ಕಡೆ ತಿರುಗಿದಳು.

“ಕೀ ಕೊಡು.”

“ಏನ್ ಮಾಡಾಕಿ?”

“ನಾಳೆ ಹೊತ್ತು ಹುಟ್ಟೂದರಾಗ ಹೋಗಿ ಆ ಕಾರು ಹತ್ತೋ ಜಾಗಾದಾಗ ನಿಂದರತೀನಿ. ಅದು ಬಂದ್ರ ನಾ ಸರಿಯಾಂಗಿಲ್ಲ.”

“ಹುಚ್ಚಿ ಏನ ನೀನು? ಇದ್ದ ಕೆಲಸಾನೂ ಹೋಗತೈತಿ.”

“ಹೆಂಗೂ ಹೊಂಟೈತಿ. ಸುಮ್ನ ಕುಂತು ಯಾಕ ಕಳಕೊಳ್ಳಿ? ನಿಂತು ಕಳಕೊಂತೀನಿ.”

ಹೊಳೆಪ್ಪ ನನ್ನ ಮುಖ ನೋಡಿದ. ನಾನು ಚಹಾ ಕುಡಿಯುತ್ತಿದ್ದೆ. ಕೀ ಹೊರಗೆ ಬಂತು.

ಮುಖ್ಯರಸ್ತೆಯಿಂದ ಸೈಕಲ್ ದಾರಿಗೆ ಹತ್ತಲು ಒಂದೇ ಕಡೆ ಇಳಿಜಾರಿದೆ. ಉಳಿದ ಕಡೆಯೆಲ್ಲ ಎತ್ತರದ ಕಲ್ಲು. ಸೋಮವಾರ ಆರು ಗಂಟೆಗೆ ದಾನಮ್ಮ ಆ ಇಳಿಜಾರಿನ ಮೇಲೆ ಸೈಕಲ್ ಅಡ್ಡ ಹಾಕಿ ನಿಂತಳು. ಅವಳ ಪಕ್ಕ ನಾನು. ಹೂವಿನ ಸೀತಮ್ಮ ಬುಟ್ಟಿ ಇಳಿಸಿ ನಿಂತಳು. ಪೇಪರ್ ಹಾಕುವ ಪಿಳ್ಳಪ್ಪ ಬಂಡಲ್ ಮುಗಿಸಿ ಬಂದು ತನ್ನ ಸೈಕಲ್ಲನ್ನೂ ಸೇರಿಸಿದ. ಹೊಳೆಪ್ಪ ಡ್ಯೂಟಿ ಬಟ್ಟೆಯಲ್ಲೇ ಬಂದು ಸ್ವಲ್ಪ ದೂರದಲ್ಲಿ, ಯಾರಿಗೋ ಕಾಯುವವನ ಹಾಗೆ ನಿಂತಿದ್ದ.

ಆರೂಕಾಲಿಗೆ ಬಿಳಿ ಕಾರು ಬಂತು. ಇಂಡಿಕೇಟರ್ ಹಾಕಿ, ನಮ್ಮ ಮುಂದೆ ಬಂದು ಹಾರನ್ ಮಾಡಿತು. ದಾನಮ್ಮ ಸೈಕಲ್ ಬೆಲ್ ಬಾರಿಸಿದಳು. ಮತ್ತೆ ಹಾರನ್. ಮತ್ತೆ ಬೆಲ್. ರೇವಣಸಿದ್ದಪ್ಪನವರು ಗಾಜು ಇಳಿಸಿ ತಲೆ ಹೊರಗೆ ಹಾಕಿದರು.

“ಏನಮ್ಮಾ, ಪಕ್ಕಕ್ಕೆ ಹೋಗಮ್ಮ... ಯಾರು, ದಾನಮ್ಮನಾ? ಇಲ್ಲೇನ್ ಮಾಡ್ತಿದೀಯ?”

“ಕೆಲಸಕ್ಕ ಹೊಂಟೀನ್ರಿ ಸರ್.”

“ಹೋಗು ಮತ್ತೆ! ಅಡ್ಡ ಯಾಕ್ ನಿಂತಿದೀಯ?”

“ನಾ ಅಡ್ಡ ನಿಂತಿಲ್ರಿ. ನಾ ನನ್ನ ದಾರ್‍ಯಾಗ ನಿಂತೀನಿ. ಅವತ್ತ ಟ್ಯಾಂಕರ್ ಕೆಳಗ ಹೋಗಾಕಿದ್ನಿ, ನಿಮ್ಮ ಕಾರು ಇಲ್ಲೇ ಇತ್ತು. ನಿಮ್ಮ ರೊಟ್ಟಿ ತಡಾ ಮಾಡಿದ್ದು ನಾ ಅಲ್ರಿ ಸರ್, ಈ ಕಾರು.”

ಅವರ ಮುಖ ಕೆಂಪಾಯಿತು. ಜ್ಯೂಸ್ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ನೋಡುತ್ತಿದ್ದರು. ತಪ್ಪು ಎಂದು ಗೊತ್ತಾದಾಗಲೇ ಮನುಷ್ಯನ ಗಂಟಲು ದೊಡ್ಡದಾಗುವುದು.

“ಎಷ್ಟು ಧೈರ್ಯ ನಿಂಗೆ! ಇವತ್ತಿನಿಂದ್ಲೇ ಮನೆಗೆ ಬರ್ಬೇಡ!”

ದಾನಮ್ಮ ಹ್ಯಾಂಡಲ್ ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

“ಬ್ಯಾಡಂದ್ರ ಬ್ಯಾಡ್ರಿ. ದಾರಿ ಮಾತ್ರ ಬಿಡಾಂಗಿಲ್ಲ.”

ಅಷ್ಟರಲ್ಲಿ ಹಿಂದೆ ಒಂದು ಕಾರಿನಷ್ಟು ಜಾಗ ಬಿಟ್ಟು ಬಸ್ಸು ಬಂದು ನಿಂತು ಹಾರನ್ ಮಾಡತೊಡಗಿತು. ಬಸ್ಸಿನ ಹಿಂದೆ ಆಟೋ. ಆಗ ಹೊಳೆಪ್ಪ ಮುಂದೆ ಬಂದ. ಹೆಂಡತಿಯನ್ನು ತಡೆಯಲು ಬಂದ ಅಂದುಕೊಂಡೆ. ಅವನು ಬಂದು ಹೆಂಡತಿಯ ಪಕ್ಕ ನಿಂತು, ದಿನಾ ಅಪಾರ್ಟ್‌ಮೆಂಟಿನಲ್ಲಿ ಮಾಡುವ ಹಾಗೆಯೇ ಕೈ ಬೀಸಿ, “ರಿವರ್ಸ್ ತಗೋರಿ ಸರ್, ಹಿಂದ ಜಾಗಾ ಐತಿ, ಬರ್ಲಿ, ಬರ್ಲಿ” ಎಂದ. ಬಿಳಿ ಕಾರು ಹಿಂದಕ್ಕೆ ಸರಿದು ಹೊರಟುಹೋಯಿತು. ಸೀತಮ್ಮ ಜೋರಾಗಿ ನಕ್ಕುಬಿಟ್ಟಳು.

ಆ ದಿನ ದಾನಮ್ಮ ಏಳೂವರೆಗೆ ಎರಡನೇ ಮನೆಯಲ್ಲಿ ಒಲೆ ಹಚ್ಚಿದಳು. ಮೊದಲನೇ ಮನೆಗೆ ಹೋಗಲಿಲ್ಲ. ಮಂಗಳವಾರವೂ ಅಲ್ಲಿ ನಿಂತೆವು, ಬುಧವಾರವೂ ನಿಂತೆವು. ಮೂವರು ಕಾರಿನವರು ಬೈದುಕೊಂಡು ಹೋದರು. ಒಬ್ಬರು ಮಾರನೆಯ ದಿನ ನಡೆದುಕೊಂಡೇ ಬಂದರು. ಇನ್ನು ಕೆಲವರು ಇಳಿಜಾರು ಬಿಟ್ಟು ಕಲ್ಲಿನ ಮೇಲೆಯೇ ಕಾರು ಹತ್ತಿಸಿದರು, ಅವರ ಫೋಟೋ ಹೋಗಬೇಕಾದ ಕಡೆ ಹೋಯಿತು. ಅರ್ಜಿಯನ್ನೂ ಬರೆದು, ಗೇಟಿಗೆ ಬಂದವರ ಹತ್ತಿರವೆಲ್ಲ ಸಹಿ ಹಾಕಿಸಿಕೊಳ್ಳತೊಡಗಿದೆ.

ಗುರುವಾರ ಬೆಳಿಗ್ಗೆ ಸೀರೆಯ ಕೆಳಗೆ ಶೂ ಹಾಕಿಕೊಂಡು ಒಬ್ಬರು ನಡೆದು ಬಂದರು. ನೋಡಿದರೆ ರೇವಣಸಿದ್ದಪ್ಪನವರ ಹೆಂಡತಿ ಉಮಾಮಹೇಶ್ವರಿ. ಅವರನ್ನು ಕೆರೆಯ ಹತ್ತಿರ ನಾನು ಎಂದೂ ಕಂಡಿರಲಿಲ್ಲ.

“ಏನ್ ಆಂಟಿ, ನೀವು ಇಲ್ಲಿ?”

“ಮನೇಲಿ ಮೂರು ದಿನದಿಂದ ಬ್ರೆಡ್ಡು ಸೌಮ್ಯ. ರೊಟ್ಟಿ ಎಲ್ಲಿ ಅಂತ ಕೂಗಾಡಿದ್ರು. ದಾನಮ್ಮನ್ನ ಬಿಡಿಸಿದೋರು ನೀವು, ನೀವೇ ಬಡ್ಕೊಳಿ, ನಾನು ವಾಕಿಂಗ್ ಹೋಗ್ತೀನಿ ಅಂದೆ. ನಂಗೂ ಮಂಡಿ ನೋವಿದೆ, ನಂಗೂ ಡಾಕ್ಟರ್ ನಡೀರಿ ಅಂದಿದಾರೆ. ಇಪ್ಪತ್ತು ವರ್ಷದಿಂದ ಇವ್ರ ತಟ್ಟೆ ಕಾಯ್ಕೊಂಡೇ ಕೂತಿದೀನಿ.” ಒಂದು ಉಸಿರು ತೆಗೆದುಕೊಂಡು ಹೇಳಿದರು, “ಗೊತ್ತಾ, ಮನೆಯಿಂದ ಇಲ್ಲಿಗೆ ಹತ್ತೇ ನಿಮಿಷ. ಹೋಗಿ ಬರೋದು ಇಪ್ಪತ್ತು, ಎರಡು ಸುತ್ತು ಇಪ್ಪತ್ತೈದು. ಡಾಕ್ಟರ್ ಹೇಳಿದ ಮುಕ್ಕಾಲು ಗಂಟೆ ಮುಗೀತು. ಇಷ್ಟು ದಿನ ಇವ್ರು ಅರ್ಧ ವಾಕಿಂಗನ್ನ ಕಾರಿಗೆ ಮಾಡಿಸ್ತಿದ್ರು.”

ಶನಿವಾರ ನನ್ನ ಮೇಜಿನ ಮುಂದೆ ರೇವಣಸಿದ್ದಪ್ಪನವರು ಬಂದು ಕೂತರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಡೆದು ಬಂದಿದ್ದರು. ನಾನು ಏನೂ ಕೇಳದೆ ಬೆರಳಿಗೆ ಸೂಜಿ ಚುಚ್ಚಿದೆ. ಬೇಕೆಂದೇ ಜೋರಾಗಿ ಚುಚ್ಚಿದೆ ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಆಗಲೇ ದಾನಮ್ಮನ ಸೈಕಲ್ ಬಂತು. ಅವರು ಎದ್ದು ನಿಂತರು.

“ದಾನಮ್ಮ... ಕಾಲು ಹೇಗಿದೆ?”

“ಮಾಯ್ದೈತ್ರಿ ಸರ್.”

“ಟ್ಯಾಂಕರ್ ವಿಷ್ಯ ನಂಗೆ ಗೊತ್ತಿರ್ಲಿಲ್ಲಮ್ಮ. ನನ್ನಿಂದ ತಪ್ಪಾಯ್ತು. ಸೋಮವಾರದಿಂದ ಮನೆಗೆ ಬಾ.”

ದಾನಮ್ಮ ಸೈಕಲ್ಲಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲದ ಮೇಲಿತ್ತು. “ಬರ್ತೀನ್ರಿ ಸರ್. ಆದ್ರ ನೀವು ಬ್ಯಾಡಂದಾಗ ನಾ ದಾರಿ ಬಿಡಲಿಲ್ಲ, ಈಗ ಬಾ ಅಂದ್ರಿ ಅಂತ ಸುಮ್ನಾಗೂದೂ ಇಲ್ಲ. ಅಲ್ಲಿ ನೋಡ್ರಿ, ಇನ್ನೂ ಏಳು ಕಾರು ಅದಾವ.”

ರೇವಣಸಿದ್ದಪ್ಪನವರು ಆ ಕಡೆ ನೋಡಿದರು. ಎಲ್ಲ ಅವರ ಸ್ನೇಹಿತರ ಕಾರುಗಳೇ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ಏನೋ ಅರ್ಜಿ ಅಂತಿದ್ರಲ್ಲ, ಕೊಡಿ ಇಲ್ಲಿ.” ಬೆರಳಿನ ಹತ್ತಿ ಬಿಸಾಡಿ, ದೊಡ್ಡದಾಗಿ ಸಹಿ ಹಾಕಿದರು. ಆಮೇಲೆ ಹಾಳೆಯನ್ನು ಹಿಡಿದುಕೊಂಡು ಜ್ಯೂಸ್ ಅಂಗಡಿಯ ಕಡೆ, ಸ್ನೇಹಿತರು ನಿಂತಿದ್ದಲ್ಲಿಗೇ ಹೋದರು.

ಅರ್ಜಿಗೆ ಸೀಲ್ ಬಿದ್ದಿದೆ, ಕೆಲಸ ಇನ್ನೂ ಆಗಿಲ್ಲ. ಪ್ರತಿ ಸೋಮವಾರ ನಾವು ವಾರ್ಡ್ ಆಫೀಸಿಗೆ ಹೋಗಿ ಕೇಳುತ್ತೇವೆ. ಬೇಜಾರಾಗುವುದು ಅವರಿಗೆ, ನಮಗಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹತ್ತು ನಿಮಿಷದ ದೂರವಿದ್ದರೆ ಕೆರೆಗೆ ನಡೆದೇ ಹೋಗಿ, ಇಲ್ಲವೇ ಸೈಕಲ್ ತುಳಿಯಿರಿ. ನಡೆಯುವಾಗ ನಾಲ್ಕು ಜನ ಕೈ ಹಿಡಿದು ಸೈಕಲ್ ದಾರಿ ಮುಚ್ಚಬೇಡಿ. ಸೈಕಲ್ಲಿನಲ್ಲಿದ್ದರೆ ಬೆಲ್ ಬಾರಿಸಿ, ವಯಸ್ಸಾದವರು ಕಂಡರೆ ನಿಧಾನ ಮಾಡಿ. ದಾರಿಯಲ್ಲಿ ಕಾರು ನಿಂತಿದ್ದರೆ ಫೋಟೋ ತೆಗೆಯಿರಿ, ಅರ್ಜಿ ಕೊಡಿ, ಅಕ್ಕಪಕ್ಕದವರನ್ನು ಕರೆದುಕೊಂಡು ಬನ್ನಿ. ಒಬ್ಬರೇ ನಿಂತರೆ ಹೆದರಿಕೆಯಾಗುತ್ತದೆ, ಆಗಲಿ. ಕಾರು ಹಿಂದಕ್ಕೆ ಹೋಗಬೇಕು, ನೀವಲ್ಲ.