ಉಸಿರಿಗೆ ಜಾಗ ಬಿಡದವನು

ದೊಡ್ಡ ಸಂಗೀತಕಾರ ಎನಿಸಿಕೊಂಡ ಮೇಲೂ, ಮೊದಲ ಕೃತಿಯ ಮಾತು ಬಂದರೆ ಅವನು ತನ್ನ ತಲೆಗೆ ತಾನೇ ಮೊಟಕಿಕೊಳ್ಳುತ್ತಿದ್ದ. "ಹದಿನೇಳು ವರ್ಷ. ಮೀಸೆ ಬಂದಿರಲಿಲ್ಲ, ಜಂಬ ಮಾತ್ರ ಮಾರುದ್ದ ಬೆಳೆದಿತ್ತು" ಎನ್ನುತ್ತಿದ್ದ.

ಅಪ್ಪನದು ಬೀಗ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಯಾರೋ ಬಿಟ್ಟುಹೋದ ಪಿಯಾನೊವನ್ನು ಎಂಟು ವರ್ಷ ಕುಟ್ಟಿ ಕುಟ್ಟಿ ಕಲಿತಿದ್ದ. ಕೊಳಲಿಗೂ ಪಿಯಾನೊಗೂ ಒಂದು ಕೃತಿ ಬರೆದು ತಂದರೆ, ಕೇಳಿ ನೋಡಿ ಸೇರಿಸಿಕೊಳ್ಳುವುದಾಗಿ ಸಂಗೀತಶಾಲೆಯ ಮೇಷ್ಟ್ರು ಹೇಳಿದ್ದರು. ಅಪ್ಪ ಅದಕ್ಕೊಂದು ಬಾಲ ಸೇರಿಸಿದ: "ಸೀಟು ಸಿಗಲಿಲ್ಲ ಅಂದ್ರೆ ಸೋಮವಾರದಿಂದ ಅಂಗಡೀಲಿ ಕೂತು ಅರ ಹಿಡಿ. ಪಿಯಾನೊ ಒಲೆಗೆ."

ಮೂರು ವಾರ ಬರೆದ. ಹಾಳೆಯಲ್ಲಿ ಸೂಜಿ ಊರಲು ಜಾಗವಿಲ್ಲದಂತೆ ಸ್ವರ ತುಂಬಿದ. ಖಾಲಿ ಬಿಟ್ಟರೆ ತಲೆಯೂ ಖಾಲಿ ಅಂದುಕೊಂಡಾರು ಎಂಬ ಭಯ!

ಕೊಳಲಿಗೆ ಚಿಕ್ಕಮ್ಮ ಬಂದಳು. ರಂಗಮಂದಿರದ ವಾದ್ಯವೃಂದದಲ್ಲಿ ಇಪ್ಪತ್ತು ವರ್ಷ ಊದಿದವಳು. ಹಾಳೆ ಮೊದಲೇ ಕೊಡೋ ಎಂದು ಎರಡು ಸಲ ಕೇಳಿದ್ದಳು. ಕೊನೆ ಗಳಿಗೆಯವರೆಗೂ ತಿದ್ದುತ್ತಿದ್ದ ಮಹಾಶಯ ಕೊಟ್ಟಿರಲಿಲ್ಲ.

ಮೇಷ್ಟ್ರ ಮುಂದೆ ಇವನು ಕಣ್ಣು ಮುಚ್ಚಿ, ತಲೆ ತೂಗುತ್ತ ನುಡಿಸತೊಡಗಿದ. ಒಂದು ಪುಟ ದಾಟುವುದರೊಳಗೆ ಕೊಳಲು ಕೀಚಲಾಯಿತು, ಆಮೇಲೆ ನಿಂತೇ ಹೋಯಿತು.

"ಯಾಕೆ ನಿಲ್ಸಿದ್ರಿ?" ಎಂದು ಗದರಿದ ಬೇರೆ.

"ಲೋ ಮುಠ್ಠಾಳ!" ಚಿಕ್ಕಮ್ಮ ಏದುಸಿರು ಬಿಡುತ್ತ ಕೂಗಿದಳು. "ಉಸಿರು ಎಲ್ಲೋ ತಗೊಳ್ಳೋದು? ಮೂಗು, ಬಾಯಿ ಎರಡಕ್ಕೂ ಬೀಗ ಜಡಿದಿದ್ದೀಯಲ್ಲೋ! ಅಪ್ಪನಿಗೆ ತಕ್ಕ ಮಗ!"

ಮೇಷ್ಟ್ರು ನಗಲಿಲ್ಲ. "ಪಿಯಾನೊ ಉಸಿರಾಡಲ್ಲ, ಇವರು ಆಡ್ತಾರೆ. ಪೆನ್ಸಿಲ್ ತಗೋ. ಅವರು ತೋರಿಸಿದ್ದನ್ನ ಹೊಡೆದು ಹಾಕು. ಆಗಲ್ಲ ಅಂದ್ರೆ ಬಾಗಿಲು ಅಲ್ಲಿದೆ."

ಚಿಕ್ಕಮ್ಮ ಕರುಣೆಯಿಲ್ಲದೆ ಬೆರಳಿಟ್ಟಳು. "ಇದು. ಇದೂ."

"ಅದು ಬೇಡ ಚಿಕ್ಕಮ್ಮಾ, ಅದು ನನ್ನ ಜೀವ!"

"ಹಾಗಾದ್ರೆ ನನ್ನ ಜೀವ ತೆಗಿ."

ಹಲ್ಲು ಕೀಳಿಸಿಕೊಂಡಂತೆ ಒಂದೊಂದನ್ನೇ ಹೊಡೆದ, ಜೀವವನ್ನೂ ಸೇರಿಸಿ. ಮತ್ತೆ ನುಡಿಸಿದರು. ಕೊಳಲು ಕೊನೆಯವರೆಗೂ ಬಂತು. ಚಿಕ್ಕಮ್ಮ ಉಸಿರೆಳೆದ ಕಡೆಯೆಲ್ಲ ಪಿಯಾನೊ ಎಷ್ಟು ಚಂದ ಕೇಳಿಸಿತೆಂದರೆ, ಅದನ್ನು ಬರೆದವನು ತಾನೇನಾ ಎಂದು ಇವನಿಗೇ ಅನುಮಾನ.

"ಸೇರ್ಕೋ. ಆದ್ರೆ ಮೊದಲ ವರ್ಷ ಕೊಳಲು ಕಲೀತೀಯ," ಎಂದರು ಮೇಷ್ಟ್ರು.

ಒಂದೇ ಓಟಕ್ಕೆ ಅಂಗಡಿ ಮುಟ್ಟಿದ.

"ಸೀಟು ಸಿಕ್ತಪ್ಪಾ!"

"ಹೌದಾ? ಏನಂದ್ರು?"

ಹೊಡೆದು ಹಾಕಿದ ಮೇಲೆ ಸಿಕ್ಕಿತು ಎನ್ನಲು ನಾಲಿಗೆ ಏಳಲಿಲ್ಲ. "ಒಂದು ಸ್ವರಾನೂ ಬದಲಾಯಿಸಬೇಡ ಅಂದ್ರು," ಎಂದ, ಎದೆಯುಬ್ಬಿಸಿ.

ಚಿಕ್ಕಮ್ಮ ಆಗಲೇ ಬೆನ್ನ ಹಿಂದೆ ಬಂದು ನಿಂತಿದ್ದಳು.